ಕಡತ ಊರು ಬಿಟ್ಟರೂ ಕೊಂಡಿ ಕಳಚದ ಹಾಗೆ

2014ರ ನವೆಂಬರ್ 1ರಂದು ಇಂಗ್ಲಿಷ್ ಬರವಣಿಗೆಯಲ್ಲೂ ನಮ್ಮೂರು ಅಧಿಕೃತವಾಗಿ ‘ಮೈಸೂರು’ ಆಯಿತು. ಫಲಕ, ಲೆಟರ್‌ಹೆಡ್ ಬದಲಿಸುವುದು ಸುಲಭ. ಹಳೆಯ ಕಾಗುಣಿತದ ಡೊಮೈನ್ ಇದ್ದ ಸಂಸ್ಥೆಯೊಂದು ಹೊಸ ಹೆಸರಿಗೆ ಹೋಗಿ, ಹಳೆಯದರ ವಾರ್ಷಿಕ ಶುಲ್ಕ ಕಟ್ಟುವುದನ್ನು ಬಿಟ್ಟಿತು ಅಂದುಕೊಳ್ಳಿ. ಅಷ್ಟು ವರ್ಷ ಬೇರೆಯವರು ಆ ತಾಣಕ್ಕೆ ಕೊಟ್ಟಿದ್ದ ಕೊಂಡಿಗಳೆಲ್ಲ (ಲಿಂಕ್‌ಗಳು) ಒಂದೇ ಏಟಿಗೆ ಸತ್ತವು. ಅಲ್ಲಿದ್ದ ಪಿಡಿಎಫ್‌ನ ಒಂದಕ್ಷರವೂ ಹಾಳಾಗಿಲ್ಲ, ಆದರೂ ಸಿಗುವುದಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಹೇಳಿದಂತೆ, 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದಲ್ಲಿ ಕಾಣೆಯಾಗಿದ್ದವು.

ಕಾರಣ ಸರಳ. ವೆಬ್ ವಿಳಾಸ ಹೇಳುವುದು ಕಡತ ಯಾವುದು ಎಂದಲ್ಲ, ಎಲ್ಲಿದೆ ಎಂದು: ಯಾವ ಯಂತ್ರ, ಯಾವ ಫೋಲ್ಡರ್, ಯಾವ ಹೆಸರು. ಸರಸ್ವತಿಪುರಂನ ಬಾಡಿಗೆ ಮನೆ ಬಿಟ್ಟು ಕುವೆಂಪುನಗರಕ್ಕೆ ಹೋದವರಿಗೆ ಹಳೇ ವಿಳಾಸಕ್ಕೆ ಬಂದ ಕಾಗದ ಸಿಗದಿದ್ದರೆ, ಆ ಮನುಷ್ಯ ಇಲ್ಲ ಎಂದು ಅರ್ಥವಲ್ಲ.

ಇದು ಮೊದಲೇ ಗೊತ್ತಿದ್ದ ರೋಗ. ‘ಹೈಪರ್‌ಟೆಕ್ಸ್ಟ್’ ಎಂಬ ಪದ ಕೊಟ್ಟ ಟೆಡ್ ನೆಲ್ಸನ್ 1960ರಲ್ಲೇ ಶುರುಮಾಡಿದ ಕ್ಸನಾಡು ಯೋಜನೆಯಲ್ಲಿ ಕೊಂಡಿಗೆ ಎರಡೂ ತುದಿ ಗೊತ್ತಿರಬೇಕಿತ್ತು. ಆಸ್ಟ್ರಿಯಾದ ಗ್ರಾಜ್‌ನಲ್ಲಿ 1990ರ ದಶಕದ ಆರಂಭದಲ್ಲಿ ರೂಪುಗೊಂಡ ಹೈಪರ್-ಜಿ ಕೊಂಡಿಗಳನ್ನು ಪುಟದೊಳಗೆ ಇಡದೆ ಪ್ರತ್ಯೇಕ ದತ್ತಸಂಚಯದಲ್ಲಿ ಇಟ್ಟಿತು; ಪುಟ ಅಳಿಸಿದರೆ ಆ ಪುಟಕ್ಕೆ ಬರುವ ಕೊಂಡಿಗಳು ಯಾವುವೆಂದು ಆ ವ್ಯವಸ್ಥೆಗೆ ತಿಳಿಯುತ್ತಿತ್ತು. 1989ರಲ್ಲಿ ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್‌ನ ಟಿಮ್ ಬರ್ನರ್ಸ್-ಲೀ ಮುಂದಿಟ್ಟ ಯೋಜನೆಯಿಂದ ಬೆಳೆದ ವೆಬ್ ಆ ಗೋಜಿಗೇ ಹೋಗಲಿಲ್ಲ. ಯಾರು ಬೇಕಾದರೂ ಯಾರನ್ನೂ ಕೇಳದೆ ಯಾವ ಪುಟಕ್ಕಾದರೂ ಕೊಂಡಿ ಹಾಕಬಹುದು. ಆ ಸಡಿಲತನ ಇಲ್ಲದಿದ್ದರೆ ವೆಬ್ ಇಷ್ಟು ಹಬ್ಬುತ್ತಿರಲಿಲ್ಲ. ಅದನ್ನು ತಪ್ಪೆನ್ನಲು ಮನಸ್ಸು ಬರುವುದಿಲ್ಲ. ಆಮೇಲೆ ಬಂದ ಪರ್ಲ್ (PURL, 1995), ಸಂಶೋಧನಾ ಲೇಖನಗಳಿಗೆ ಕೊಡುವ ಡಿಒಐ ಮೊದಲಾದ ಶಾಶ್ವತ-ಗುರುತಿನ ವ್ಯವಸ್ಥೆಗಳು ನಡುವೆ ಒಂದು ಪಟ್ಟಿ ಇಟ್ಟವು: ಶಾಶ್ವತ ಸಂಖ್ಯೆ ಕೊಂಡಿಯಲ್ಲಿ, ಇಂದಿನ ವಿಳಾಸ ಪಟ್ಟಿಯಲ್ಲಿ. ಪಟ್ಟಿ ತಿದ್ದುವವರು ಇರುವವರೆಗೆ ಇದು ಚೆನ್ನಾಗಿಯೇ ನಡೆಯುತ್ತದೆ.

ಬೇರೆ ದಾರಿ ತೆರೆದದ್ದು ಕಡತದ ಬೈಟ್‌ಗಳಿಂದಲೇ ಹೆಸರನ್ನು ಲೆಕ್ಕ ಹಾಕಿದಾಗ. ಶಾ-256 ಸೂತ್ರಕ್ಕೆ ಎಷ್ಟೇ ದೊಡ್ಡ ಕಡತ ಕೊಟ್ಟರೂ 256 ಬಿಟ್‌ಗಳ ಹ್ಯಾಶ್, ಅಂದರೆ ಕಡತದ ಬೆರಳಚ್ಚಿನಂಥ ಒಂದು ಸಂಖ್ಯೆ, ಬರುತ್ತದೆ. ಒಂದು ಅಲ್ಪವಿರಾಮ ಬದಲಾದರೂ ಸಂಖ್ಯೆ ಪೂರ್ತಿ ಬೇರೆ. ಕಡತ ಯಾರ ಕೈಯಿಂದ ಬಂದರೂ ಲೆಕ್ಕ ಹಾಕಿ ತಾಳೆ ನೋಡಬಹುದು, ಆದ್ದರಿಂದ ಕೊಟ್ಟವರನ್ನು ನಂಬುವ ಅಗತ್ಯವಿಲ್ಲ. ಉಳಿದ ಪ್ರಶ್ನೆ, ಆ ಸಂಖ್ಯೆಯ ಕಡತ ಯಾರ ಬಳಿ ಇದೆ? ಉತ್ತರ ಕೊಟ್ಟದ್ದು 2001ರಲ್ಲಿ ಬಂದ ಕಾರ್ಡ್, ಪೇಸ್ಟ್ರಿ, ಮರುವರ್ಷದ ಕಡೆಮ್ಲಿಯಾ ಎಂಬ ಹುಡುಕುವ ವಿಧಾನಗಳು. ಇವುಗಳಲ್ಲಿ ಮಾಹಿತಿ-ಪಟ್ಟಿ ಒಂದೇ ಸರ್ವರ್‌ನಲ್ಲಿರದೆ ಸಾವಿರಾರು ಯಂತ್ರಗಳಿಗೆ ಹಂಚಿಹೋಗಿರುತ್ತದೆ. ಹತ್ತು ಲಕ್ಷ ಯಂತ್ರಗಳಿದ್ದರೂ ಸುಮಾರು 20 ಹೆಜ್ಜೆಯೊಳಗೆ ಉತ್ತರ ಸಿಗುತ್ತದೆ. ಇದನ್ನು ನೇರವಾಗಿ ಕೊಂಡಿಯ ಸಮಸ್ಯೆಗೆ ಹಚ್ಚಿದವರು ಫಿನ್ಲೆಂಡ್‌ನ ಯುವಾಸ್ಕುಲಾ ವಿಶ್ವವಿದ್ಯಾಲಯದವರು. 2003ರ ಹೊತ್ತಿಗೆ ಅವರು ವಿವರಿಸಿದ ‘ಸ್ಟಾರ್ಮ್’ನಲ್ಲಿ ಎಲ್ಲವೂ ಬದಲಾಗದ ತುಣುಕುಗಳು. ಕಡತವನ್ನು ಇಮೇಲ್ ಮಾಡಿ, ಪೆನ್‌ಡ್ರೈವ್‌ಗೆ ಹಾಕಿ, ಕೊಂಡಿ ಹಿಡಿದೇ ಇರುತ್ತದೆ.

ಈಗ ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವುದು 2015ರಲ್ಲಿ ಹೊರಬಂದ ಐಪಿಎಫ್‌ಎಸ್ ಎಂಬ ವ್ಯವಸ್ಥೆ. ಅದು ಕಡತವನ್ನು ತುಣುಕು ಮಾಡಿ, ಹ್ಯಾಶ್‌ನಿಂದ ಅದಕ್ಕೊಂದು ಗುರುತು ಕೊಡುತ್ತದೆ. ಮೈಸೂರಿನ ಒಂದು ಕಾಲೇಜು, ಮಂಡ್ಯದ ಒಂದು ಗ್ರಂಥಾಲಯ, ಶ್ರೀರಂಗಪಟ್ಟಣದ ಒಂದು ಸಂಘ ಸೇರಿ ಸ್ಕ್ಯಾನ್ ಮಾಡಿದ ಹಳೆಯ ಪತ್ರಿಕೆಗಳನ್ನು ಇಡಲು ಹೊರಟರೆ, ಮೂರೂ ಕಡೆ ಸಾಧಾರಣ ಕಂಪ್ಯೂಟರ್ ಸಾಕು. ಆದರೆ ಕಡತ ಸೇರಿಸುವ ಮುನ್ನ ತುಣುಕಿನ ಗಾತ್ರವನ್ನೂ ಗುರುತಿನ ಆವೃತ್ತಿಯನ್ನೂ ಬರೆದಿಟ್ಟು ಒಪ್ಪಿಕೊಳ್ಳಬೇಕು. 256 ಕಿಲೋಬೈಟ್ ತುಣುಕಾದರೆ 300 ಮೆಗಾಬೈಟ್‌ನ ಕಡತ 1200 ತುಣುಕಾಗುತ್ತದೆ. ಇನ್ನೊಬ್ಬರು 1 ಮೆಗಾಬೈಟ್ ಇಟ್ಟರೆ ಅದೇ ಕಡತಕ್ಕೆ ಬೇರೆಯೇ ಗುರುತು ಬರುತ್ತದೆ. ಒಬ್ಬರ ಪ್ರತಿ ಹೋದಾಗ ಇನ್ನೊಬ್ಬರದು ನೆರವಿಗೆ ಬರುವುದಿಲ್ಲ.

ಕನ್ನಡಕ್ಕೆ ಇದರ ಜೊತೆ ಒಂದು ಹೆಚ್ಚಿನ ತೊಡಕಿದೆ. ಯೂನಿಕೋಡ್‌ನಲ್ಲಿ ‘ಮೈ’ ಅಕ್ಷರವನ್ನು ಮ ಮತ್ತು ಐತ್ವ ಎಂದು ಎರಡು ಸಂಕೇತಗಳಲ್ಲಿ ಬರೆಯಬಹುದು, ಐತ್ವವನ್ನು ಒಡೆದು ಒಟ್ಟು ಮೂರರಲ್ಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ; ಕಡತದಲ್ಲಿ ಯೂನಿಕೋಡ್ ಬರೆದಿಡುವ ಯುಟಿಎಫ್-8 ರೀತಿಯಲ್ಲಿ ಮೊದಲನೆಯದು 6 ಬೈಟ್, ಎರಡನೆಯದು 9. ಹ್ಯಾಶ್ ನೋಡುವುದು ಬೈಟನ್ನು. ಹಾಗಾಗಿ ಪಠ್ಯ ಕಡತಗಳನ್ನು ಎನ್‌ಎಫ್‌ಸಿ ಎಂಬ ಕೂಡಿಸಿ ಬರೆಯುವ ಏಕರೂಪಕ್ಕೆ ತಂದೇ ಸೇರಿಸಬೇಕು. (ಮಂಡ್ಯದ ಹೆಸರಿಗೆ ಈ ಕಷ್ಟವಿಲ್ಲ.) ‘ನುಡಿ’ ತಂತ್ರಾಂಶದ ಹಳೆಯ ಎನ್‌ಕೋಡಿಂಗ್‌ನಲ್ಲಿದ್ದ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿದರೂ, ಪಿಡಿಎಫ್ ತೆರೆದು ಮತ್ತೆ ಸೇವ್ ಮಾಡಿದರೂ ಅದು ಹೊಸ ಕಡತವೇ.

ಹೀಗೆ ಯಂತ್ರದಿಂದ ಯಂತ್ರಕ್ಕೆ ನೇರವಾಗಿ ಕಡತ ಹೋಗುವ ‘ಪಿಯರ್-ಟು-ಪಿಯರ್’ ಎಂದ ಕೂಡಲೇ ಕಡತ ತಾನಾಗಿ ಎಲ್ಲ ಕಡೆ ಹಬ್ಬುತ್ತದೆ ಎಂಬ ನಂಬಿಕೆ ಬಹಳ ಜನರಿಗಿದೆ. ಹಬ್ಬುವುದಿಲ್ಲ. ಸೇರಿಸಿದವರ ಯಂತ್ರದಲ್ಲಿ ಅದು ‘ಪಿನ್’ ಆಗಿರುತ್ತದೆ, ಅಂದರೆ ಅಳಿಸಬಾರದೆಂದು ಗುರುತು ಹಾಕಿರುತ್ತದೆ. ಬರೀ ಓದಿದವರ ಯಂತ್ರದಲ್ಲಿ ತಾತ್ಕಾಲಿಕ ಪ್ರತಿ ಇರುತ್ತದೆ, ಜಾಗ ತೆರವಿಗೆ ಕಸ ಗುಡಿಸುವ ಕೆಲಸ ನಡೆದಾಗ ಅದು ಹೋಗುತ್ತದೆ. ಉಳಿದ ಎರಡೂ ಊರಿನವರು ತಾವೇ ಪಿನ್ ಮಾಡದಿದ್ದರೆ ಮೂರು ಪ್ರತಿ ಎಂಬುದು ಕಾಗದದ ಮೇಲಷ್ಟೇ. ‘ನನ್ನ ಬಳಿ ಇದೆ’ ಎಂಬ ಘೋಷಣೆಗೂ ಒಂದೆರಡು ದಿನದ ಆಯಸ್ಸು. ಯಂತ್ರ ಅದನ್ನು ಮತ್ತೆ ಮತ್ತೆ ಸಾರುತ್ತಿರಬೇಕು, ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗ ತಾನಾಗಿ ಚಾಲೂ ಆಗುವಂತಿರಬೇಕು. ಮೊಬೈಲ್ ಡಾಂಗಲ್‌ನ ಹಿಂದಿರುವ ಯಂತ್ರಕ್ಕೆ ಹೊರಗಿನವರು ತಲುಪುವುದು ಕಷ್ಟ. ಫೈಬರ್ ಸಂಪರ್ಕ ಪಡೆದು, ಪಬ್ಲಿಕ್ ಐಪಿ (ಹೊರಗಿನಿಂದ ನೇರ ತಲುಪುವ ವಿಳಾಸ) ಇದೆಯೇ ಎಂದು ಕೇಳಿ, ರೂಟರ್‌ನಲ್ಲಿ ಐಪಿಎಫ್‌ಎಸ್ ಬಳಸುವ 4001ನೇ ಪೋರ್ಟ್ (ಸಂಪರ್ಕದ ಬಾಗಿಲು) ಅನ್ನು ಟಿಸಿಪಿ, ಯುಡಿಪಿ ಎಂಬ ಎರಡೂ ರವಾನೆ ವಿಧಾನಕ್ಕೆ ತೆರೆಯಬೇಕು. ಕಡತ ಸಿಗುತ್ತದೆಯೇ ಎಂಬ ಪರೀಕ್ಷೆಯನ್ನು ಅದೇ ಕಟ್ಟಡದೊಳಗಿಂದ ಮಾಡಿ ಪ್ರಯೋಜನವಿಲ್ಲ.

ಬದಲಾಗದ ಗುರುತಿನ ಇನ್ನೊಂದು ಮುಖ, ತಿದ್ದುಪಡಿ ಅದಕ್ಕೆ ಗೊತ್ತಾಗುವುದಿಲ್ಲ. ಸೂಚಿಪಟ್ಟಿಗೆ ಹೊಸ ಸಂಚಿಕೆ ಸೇರಿದಾಗ ಹಳೆಯ ಕೊಂಡಿ ಹಳೆಯ ಪಟ್ಟಿಯನ್ನೇ ತೋರಿಸುತ್ತದೆ. ಉಲ್ಲೇಖ ಕೊಡುವ ಸಂಶೋಧಕರಿಗೆ ಅದೇ ಬೇಕು; ಉಳಿದವರಿಗೆ ಈಚಿನದು ಬೇಕು. ಅದಕ್ಕಾಗಿ ಐಪಿಎನ್‌ಎಸ್ ಎಂಬ ಸಹಿ ಹಾಕಿದ ಸೂಚಕವಿದೆ. ಹೆಸರು ಸ್ಥಿರ, ಅದು ತೋರುವ ಗುರುತು ಬದಲಾಗುತ್ತದೆ. ಸಹಿ ಹಾಕಲು ಖಾಸಗಿ ಕೀಲಿ (ಗುಟ್ಟಾಗಿಡುವ ಸಂಕೇತ) ಬೇಕು, ಅದು ಒಂದೇ ಹಾರ್ಡ್‌ಡಿಸ್ಕ್‌ನಲ್ಲಿದ್ದು ಡಿಸ್ಕ್ ಕೆಟ್ಟರೆ ಆ ಹೆಸರನ್ನು ಮತ್ತೆ ಯಾರೂ ನವೀಕರಿಸಲಾಗದು. ಕೀಲಿಯ ಪ್ರತಿ ಕನಿಷ್ಠ ಎರಡು ಊರಿನಲ್ಲಿ, ಆನ್‌ಲೈನ್ ಅಲ್ಲದ ಕಡೆ ಇರಲಿ. ಕೊಂಡಿ ಅಚ್ಚಿಸುವಾಗ ಸೂಚಕದ ಹೆಸರಿನ ಪಕ್ಕದಲ್ಲಿ ಆ ದಿನದ ಗುರುತನ್ನೂ ಅಚ್ಚಿಸಿ.