ಲಿವಿಂಗ್ ವಿಲ್ ಬರೆದಿಟ್ಟರೆ ಡಾಕ್ಟರು ಕೈಬಿಡುತ್ತಾರೆಯೇ?

ಪ್ರಶ್ನೆ: ನನಗೆ 67 ವರ್ಷ, ಪೊನ್ನಂಪೇಟೆ ಕಡೆ ತೋಟ. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರ, ಅಂದರೆ ಲಿವಿಂಗ್ ವಿಲ್, ಮಾಡಿಸೋಣ ಅಂದರೆ ಮನೆಯವರು ಬೇಡ ಅನ್ನುತ್ತಾರೆ. ಸಹಿ ಹಾಕಿದ ಮೇಲೆ ಯಾವ ಆಸ್ಪತ್ರೆಯಲ್ಲೂ ಸರಿಯಾಗಿ ನೋಡುವುದಿಲ್ಲವಂತೆ. ನಿಜವೇ?

ಉತ್ತರ: ಖಂಡಿತ ಇಲ್ಲ. ಎಷ್ಟು ಸಲ ಹೇಳಿದರೂ ಈ ಮಾತು ಊರೂರು ಸುತ್ತಿ ವಾಪಸ್ ಬರುತ್ತದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ನಾಳೆ ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ಪ್ರಜ್ಞೆ ತಪ್ಪಿತು ಅಂದುಕೊಳ್ಳಿ. ಪತ್ರ ಮಗನ ಜೇಬಿನಲ್ಲೇ ಇದ್ದರೂ ಡಾಕ್ಟರು ಆಪರೇಷನ್ ಮಾಡುತ್ತಾರೆ, ಬೇಕಾದರೆ ವೆಂಟಿಲೇಟರ್ ಹಾಕುತ್ತಾರೆ. ಕಾಯಿಲೆ ಕೊನೆಯ ಹಂತಕ್ಕೆ ಬಂದು, ವಾಸಿಯಾಗುವ ಆಸೆ ಉಳಿಯದೆ, ನಿಮ್ಮ ತೀರ್ಮಾನ ನೀವೇ ಹೇಳಲಾಗದ ಸ್ಥಿತಿ ಬಂದರಷ್ಟೇ ಆ ಪತ್ರ ಲೆಕ್ಕಕ್ಕೆ ಬರುವುದು. ನಿಮಗೆ ತಿಳಿವಳಿಕೆ ಇರುವಷ್ಟು ದಿನ ನಿಮ್ಮ ಬಾಯಿಮಾತೇ ನಡೆಯುತ್ತದೆ.

ಆಗಲೂ ಅದು ಒಬ್ಬ ಡಾಕ್ಟರ ಮರ್ಜಿಯಲ್ಲ. ಹೀಗೆ ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರ ಜನವರಿಯಲ್ಲಿ ವಿಧಾನವನ್ನು ಸಡಿಲಿಸಿತು. ಸಡಿಲಿಸಿದ ಮೇಲೂ ಎರಡು ವೈದ್ಯ ಮಂಡಳಿಗಳು ಒಪ್ಪಲೇಬೇಕು. ಮೊದಲನೆಯದರಲ್ಲಿ ನಿಮ್ಮನ್ನು ನೋಡುತ್ತಿರುವ ಡಾಕ್ಟರು ಮತ್ತು ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು; ಎರಡನೆಯದರಲ್ಲಿ ಬೇರೆಯೇ ಇಬ್ಬರು ತಜ್ಞರು, ಜೊತೆಗೆ ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ವೈದ್ಯರು. ತೀರ್ಮಾನ ಹೇಳಲು ಮಂಡಳಿಗಳಿಗೆ ತಲಾ 48 ಗಂಟೆ ಗಡುವು. ಪತ್ರದಲ್ಲಿ ನೀವು ಹೆಸರಿಸಿದವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೂ ಮೊದಲೇ ತಿಳಿಸಬೇಕು. ಇದನ್ನು ಜಾರಿಗೆ ತರಲು ನಮ್ಮ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಆದೇಶ ಹೊರಡಿಸಿದೆ. ಇಷ್ಟೆಲ್ಲ ಕಾವಲಿರುವಾಗ ‘ಸುಮ್ಮನೆ ಬಿಟ್ಟುಬಿಡುತ್ತಾರೆ’ ಎಂದು ಹೆದರಿಸುವವರು ಒಮ್ಮೆಯಾದರೂ ನಿಯಮ ಓದಬೇಕು.

ನಿಲ್ಲುವುದು ವೆಂಟಿಲೇಟರ್, ಡಯಾಲಿಸಿಸ್, ನಿಂತ ಹೃದಯವನ್ನು ಎದೆ ಒತ್ತಿ ಮತ್ತೆ ಶುರು ಮಾಡುವಂಥವು. ನೋವಿನ ಮದ್ದು, ಉಸಿರಿನ ಸಂಕಟಕ್ಕೆ ಉಪಶಮನ, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಇವು ಕೊನೆಯವರೆಗೂ ನಡೆಯುತ್ತವೆ. ಇಂಜೆಕ್ಷನ್ ಕೊಟ್ಟು ಸಾಯಿಸುವುದಂತೂ ಅಪರಾಧ. ನೀವೇ ಬರೆದುಕೊಟ್ಟರೂ ಅಪರಾಧವೇ.

ಮಾಡಿಸುವುದು ಸುಲಭ. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ಅಷ್ಟೇ. ಸಾಕ್ಷಿಗಳು ಆಸ್ತಿಯಲ್ಲಿ ಪಾಲಿಲ್ಲದವರಾದರೆ ಒಳ್ಳೆಯದು. ‘ತೀರಾ ಕಷ್ಟವಾದರೆ ಏನೂ ಬೇಡ’ ಎಂದು ಬರೆದರೆ ಐಸಿಯುನಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಯಾವ ಚಿಕಿತ್ಸೆ ಬೇಡ ಎಂದು ಒಂದೊಂದಾಗಿ ಹೆಸರಿಸಿ. ನಿಮ್ಮ ಪರವಾಗಿ ಮಾತಾಡಬೇಕಾದ ಮಗ ವಿದೇಶದಲ್ಲಿದ್ದರೆ ಅವನೊಬ್ಬನೇ ಸಾಲದು, ರಾತ್ರೋರಾತ್ರಿ ಮೈಸೂರಿಗೋ ಮಂಗಳೂರಿಗೋ ಬರಬಲ್ಲ ಇನ್ನೊಬ್ಬರನ್ನೂ ಸೇರಿಸಿ. ಅವರಿಗೆ, ಮನೆ ಡಾಕ್ಟರಿಗೆ, ಪಂಚಾಯಿತಿಗೆ ಪ್ರತಿ ಕೊಡಿ. ಬ್ಯಾಂಕ್ ಲಾಕರಿನಲ್ಲಿಟ್ಟರೆ ಹೊತ್ತಿಗೆ ಒದಗುವುದಿಲ್ಲ. ಮನಸ್ಸು ಬದಲಾದರೆ ಬರೆದು ರದ್ದು ಮಾಡಬಹುದು.

ನೀವು ಕೇಳಿಲ್ಲ, ಆದರೂ ಹೇಳಬೇಕು. ‘ಕೊನೆಯುಸಿರು ಮನೆಯಲ್ಲೇ’ ಎಂದು ಬರೆಯುವವರು ಬಹಳ. ಒಳ್ಳೆಯ ಆಸೆ, ತಯಾರಿ ಬೇಕು. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. ಆಸ್ಪತ್ರೆಯಿಂದ ಹೊರಡುವ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ, ಮಾರ್ಫಿನ್‌ನಿಂದ ಮಲಬದ್ಧತೆ ಆಗುವುದರಿಂದ ಅದರ ಮದ್ದನ್ನೂ ಜೊತೆಗೇ ಕೇಳಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಆಕ್ಸಿಜನ್ ಮಿಷನ್ ನಿಲ್ಲುತ್ತದೆ, ತುಂಬಿದ ಸಿಲಿಂಡರ್ ಒಂದು ಪಕ್ಕದಲ್ಲಿರಲಿ. ಮನೆಯಲ್ಲಿ ತೀರಿಕೊಂಡರೆ, ಕೊನೆಯ ಕಾಯಿಲೆಯಲ್ಲಿ ನೋಡಿದ ಡಾಕ್ಟರಿಂದ ಸಾವಿನ ಕಾರಣ ತಿಳಿಸುವ 4ಎ ನಮೂನೆಯ ಪ್ರಮಾಣಪತ್ರ ಪಡೆದು 21 ದಿನದೊಳಗೆ ಮರಣ ನೋಂದಣಿ ಮಾಡಿಸಬೇಕು. ಆ ಡಾಕ್ಟರು ಯಾರೆಂದು ಮನೆಯವರಿಗೆ ಈಗಲೇ ಗೊತ್ತಿರಲಿ.