ತಲೆದೆಸೆ ಏರಿಸುವ ಗುಂಡಿ

ಕಳೆದ ಮಳೆಗಾಲದಲ್ಲಿ ನಮ್ಮತ್ತೆಯವರಿಗೆ ಹೃದಯದ ತೊಂದರೆ ಹೆಚ್ಚಾಗಿ, ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ಒಂಬತ್ತು ದಿನ ಇರಬೇಕಾಯಿತು. ಹೃದಯ ಬಲಗುಂದಿ ರಕ್ತವನ್ನು ಸರಿಯಾಗಿ ತಳ್ಳಲಾರದಾದಾಗ ಶ್ವಾಸಕೋಶದಲ್ಲಿ ನೀರು ಸೇರಿಕೊಳ್ಳುತ್ತದೆ. ಅಂಥವರು ಅಂಗಾತ ಮಲಗಿದರೆ ಹಗಲೆಲ್ಲ ಕಾಲುಗಳಲ್ಲಿ ಇಳಿದು ನಿಂತಿದ್ದ ದ್ರವ ಎದೆಯ ಕಡೆಗೆ ಮರಳುತ್ತದೆ, ಹೊಟ್ಟೆಯ ಅಂಗಗಳು ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪೊರೆಯಾದ ವಪೆಯನ್ನು ಮೇಲಕ್ಕೆ ಒತ್ತುತ್ತವೆ, ನಡುರಾತ್ರಿಯಲ್ಲಿ ಉಸಿರು ಕಟ್ಟಿದಂತಾಗಿ ಎಚ್ಚರವಾಗುತ್ತದೆ. ಎದ್ದು ಕುಳಿತರೆ ಕೆಲವೇ ನಿಮಿಷಗಳಲ್ಲಿ ಹಗುರವಾಗುತ್ತದೆ. ಹಾಗಾಗಿ ಅವರಿಗೆ ಮೋಟಾರಿನ ಮಂಚ ಕೊಟ್ಟಿದ್ದರು. ಗುಂಡಿ ಒತ್ತಿದರೆ ಬೆನ್ನಿನ ಭಾಗ ತಾನಾಗಿ ಮೇಲೇಳುತ್ತಿತ್ತು.

ಮೂರನೆಯ ರಾತ್ರಿ ನಾನು ಮಂಚದ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದೆ. ಮೋಟಾರಿನ ಗುಂಯ್ ಎಂಬ ಸದ್ದಿಗೆ ಎಚ್ಚರವಾಗಿ ನೋಡಿದರೆ ಅತ್ತೆಯವರು ಏದುಸಿರು ಬಿಡುತ್ತಾ ರಿಮೋಟನ್ನು ಎರಡೂ ಕೈಗಳಲ್ಲಿ ಹಿಡಿದು ಒತ್ತುತ್ತಿದ್ದರು. ಬೆನ್ನಿನ ಭಾಗ ಅಲ್ಲಾಡಿರಲಿಲ್ಲ. ಮಂಚ ಮಾತ್ರ ನನ್ನ ಕಡೆಗೆ ಇಳಿದು ಬರುತ್ತಿತ್ತು. “ಏಳೋಣ ಅಂತ ಒತ್ತಿದ್ರೆ ಮಂಚಾನೇ ಕೆಳಕ್ಕೆ ಹೋಗ್ತೈತೆ ಕಣಮ್ಮ” ಎಂದು ಹೇಳುವಷ್ಟರಲ್ಲಿ ಅವರ ಹಣೆಯ ಮೇಲೆಲ್ಲ ಬೆವರು. ನಾನು ಎದ್ದು ಅವರ ಬೆನ್ನಿಗೆ ಕೈ ಕೊಟ್ಟು ಕೂರಿಸಿದೆ.

ಬೆಳಿಗ್ಗೆ ಆ ರಿಮೋಟನ್ನು ಕೈಯಲ್ಲಿ ಹಿಡಿದು ನೋಡಿದೆ. ಬೂದು ಬಣ್ಣದ ಪೆಟ್ಟಿಗೆ, ಎರಡು ತುದಿಯೂ ಒಂದೇ ಆಕಾರ. ಮೇಲಿನಿಂದ ಕೆಳಕ್ಕೆ ಮೂರು ಸಾಲು: ಮೊದಲನೆಯದು ಬೆನ್ನಿಗೆ, ಎರಡನೆಯದು ಮೊಣಕಾಲಿಗೆ, ಮೂರನೆಯದು ಮಂಚದ ಎತ್ತರಕ್ಕೆ. ಪ್ರತಿ ಸಾಲಿನಲ್ಲಿ ಎಡಕ್ಕೆ ಏರಿಸುವ ಬಾಣ, ಬಲಕ್ಕೆ ಇಳಿಸುವ ಬಾಣ. ಸಿಸ್ಟರ್ ಹೇಳಿಕೊಟ್ಟಿದ್ದನ್ನು ಅತ್ತೆಯವರು ಸರಿಯಾಗಿಯೇ ನೆನಪಿಟ್ಟುಕೊಂಡಿದ್ದರು: ಮೇಲಿನ ಸಾಲು, ಎಡಗಡೆಯ ಗುಂಡಿ. ಆದರೆ ರಿಮೋಟಿನ ವೈರು ತಲೆದೆಸೆಯಿಂದ ಬರುತ್ತಿದ್ದುದರಿಂದ, ದಿಂಬಿನ ಪಕ್ಕದಿಂದ ಎಳೆದುಕೊಂಡಾಗ ಅದು ತಲೆಕೆಳಗಾಗಿಯೇ ಕೈಗೆ ಬರುತ್ತಿತ್ತು. ತಲೆಕೆಳಗಾದ ರಿಮೋಟಿನಲ್ಲಿ ಮೇಲಿನ ಸಾಲಿನ ಎಡಗುಂಡಿ ಎಂದರೆ ವಾಸ್ತವದಲ್ಲಿ ಕೆಳಸಾಲಿನ ಬಲಗುಂಡಿ, ಅಂದರೆ ಮಂಚವನ್ನು ಇಳಿಸುವ ಗುಂಡಿ. ಕತ್ತಲಲ್ಲಿ ಅದನ್ನು ತಿಳಿಯುವ ಯಾವ ಗುರುತೂ ಆ ಪೆಟ್ಟಿಗೆಯ ಮೇಲೆ ಇರಲಿಲ್ಲ. ತಪ್ಪು ಅತ್ತೆಯವರದಲ್ಲ, ಪೆಟ್ಟಿಗೆಯದು ಎಂಬುದು ನನಗೆ ಆಗ ಮನದಟ್ಟಾಯಿತು. ಭೌತಶಾಸ್ತ್ರ ಪಾಠ ಹೇಳುವವಳಾದ ನಾನು ಆ ಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಮನುಷ್ಯನ ಮೈಗೂ ಬುದ್ಧಿಗೂ ಹೊಂದುವಂತೆ ಸಲಕರಣೆಗಳನ್ನು ರೂಪಿಸುವ ವಿದ್ಯೆಗೆ ಎರ್ಗೊನಾಮಿಕ್ಸ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಎರ್ಗಾನ್’ ಎಂದರೆ ಕೆಲಸ, ‘ನೊಮೊಸ್’ ಎಂದರೆ ನಿಯಮ. ಪೋಲೆಂಡಿನ ವಿದ್ವಾಂಸ ಯಾಸ್ತ್ಶೆಂಬೊವ್‌ಸ್ಕಿ 1857ರಲ್ಲಿಯೇ ಈ ಪದವನ್ನು ಬಳಸಿದ್ದರು. ಆದರೆ ವಿದ್ಯೆ ಬೆಳೆದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಬಿ-17 ಯುದ್ಧವಿಮಾನಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೆ, ರೆಕ್ಕೆಯ ಫ್ಲ್ಯಾಪುಗಳನ್ನು ಮಡಚಬೇಕಾದ ಚಾಲಕರು ಚಕ್ರಗಳನ್ನೇ ಮಡಚಿಬಿಡುತ್ತಿದ್ದರು, ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. ಮನಶ್ಶಾಸ್ತ್ರಜ್ಞ ಅಲ್ಫಾನ್ಸ್ ಚಪಾನಿಸ್ ಹೋಗಿ ನೋಡಿದಾಗ ಎರಡು ಕೆಲಸದ ಹಿಡಿಗಳೂ ಅಕ್ಕಪಕ್ಕದಲ್ಲಿ, ಒಂದೇ ಆಕಾರದಲ್ಲಿ ಇದ್ದವು. ಚಕ್ರದ ಹಿಡಿಗೆ ಪುಟ್ಟ ರಬ್ಬರ್ ಚಕ್ರವನ್ನೂ ಫ್ಲ್ಯಾಪಿನ ಹಿಡಿಗೆ ಬೆಣೆಯಾಕಾರದ ತುಂಡನ್ನೂ ಅವರು ಜೋಡಿಸಿದರು. ಕಣ್ಣು ಹಾಯಿಸದೆಯೇ ಬೆರಳಿಗೆ ಯಾವುದು ಯಾವುದೆಂದು ತಿಳಿಯುವಂತಾಯಿತು, ಆ ಬಗೆಯ ಅಪಘಾತ ನಿಂತಿತು.

ನಮ್ಮ ಸರ್ಕಾರಿ ವಾರ್ಡುಗಳಲ್ಲಿ ಹೆಚ್ಚಾಗಿ ಕಾಣುವ, ಕೈಯಿಂದ ತಿರುಗಿಸುವ ಮಂಚಕ್ಕೂ ಇದೇ ದೋಷವಿದೆ. ಅದನ್ನು ಫೌಲರ್ ಮಂಚ ಎನ್ನುತ್ತಾರೆ. ರೋಗಿಯನ್ನು ಒರಗಿ ಕೂರಿಸುವ ಭಂಗಿಯನ್ನು ಬಳಕೆಗೆ ತಂದ ನ್ಯೂಯಾರ್ಕಿನ ಶಸ್ತ್ರಚಿಕಿತ್ಸಕ ಜಾರ್ಜ್ ಫೌಲರ್ ಅವರ ಹೆಸರು ಅದು. ಕಾಲ್ದೆಸೆಯಲ್ಲಿ ಎರಡು ಹ್ಯಾಂಡಲ್‌ಗಳು ಪಕ್ಕಪಕ್ಕದಲ್ಲಿ ಇರುತ್ತವೆ. ಒಂದು ಬೆನ್ನಿಗೆ, ಒಂದು ಮೊಣಕಾಲಿಗೆ. ಎರಡೂ ಒಂದೇ ರೂಪ. ವರ್ಷಗಟ್ಟಲೆ ಕೆಲಸ ಮಾಡಿದ ಸಿಸ್ಟರ್‌ಗಳೂ ಒಂದು ಸುತ್ತು ತಿರುಗಿಸಿ, ಮಂಚದ ಯಾವ ಭಾಗ ಏಳುತ್ತಿದೆ ಎಂದು ಕತ್ತೆತ್ತಿ ನೋಡಿ, ತಪ್ಪಿದ್ದರೆ ಹಿಂದಕ್ಕೆ ತಿರುಗಿಸುವುದನ್ನು ನಾನು ಕಂಡಿದ್ದೇನೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ರೋಗಿಗೆ ಆ ಒಂದು ಸುತ್ತೂ ನೋವೇ. ಒಂದು ಹಿಡಿಯನ್ನು ದುಂಡಗೆ, ಇನ್ನೊಂದನ್ನು ಚಪ್ಪಟೆಯಾಗಿ ಮಾಡಿದ್ದರೆ ಸಾಕಾಗುತ್ತಿತ್ತು.

ಮೋಟಾರು ಬಂದ ಮೇಲೆ ಬಗ್ಗಿ ತಿರುಗಿಸುವ ಶ್ರಮ ತಪ್ಪಿತು, ರೋಗಿ ತಾನೇ ಏಳುವ ಅವಕಾಶ ಮೊದಲ ಬಾರಿಗೆ ಸಿಕ್ಕಿತು. ಆದರೆ ಒಂದೇ ಮಂಚವನ್ನು ಈಗ ಮೂರು ಬಗೆಯ ಕೈಗಳು ನಡೆಸುತ್ತವೆ. ಮಲಗಿರುವ ರೋಗಿಯ ಕೈ, ಜೊತೆಗಿರುವ ಮನೆಯವರ ಕೈ, ಗ್ಲೌಸ್ ತೊಟ್ಟ ಸಿಸ್ಟರ್ ಕೈ. ರೋಗಿಗೆ ಬೇಕಾದದ್ದು ಬೆನ್ನು ಮತ್ತು ಮೊಣಕಾಲಿನ ಎರಡು ಚಲನೆ. ಸಿಸ್ಟರ್‌ಗೆ ಮಂಚದ ಎತ್ತರವೂ ಬೇಕು, ಏಕೆಂದರೆ ಡ್ರೆಸ್ಸಿಂಗ್ ಮಾಡುವಾಗ ಮಂಚ ತಮ್ಮ ಮೊಣಕೈಯ ಮಟ್ಟಕ್ಕೆ ಹತ್ತಿರ ಬರದಿದ್ದರೆ ಸೊಂಟ ಬಗ್ಗಿಸಿಯೇ ಇಡೀ ಪಾಳಿ ಕಳೆಯಬೇಕಾಗುತ್ತದೆ. ಬೆನ್ನುನೋವು ಆ ವೃತ್ತಿಯವರನ್ನು ಕಾಡುವುದು ಹೀಗೆ. ತಲೆಯ ಭಾಗವನ್ನು ಕಾಲಿಗಿಂತ ಕೆಳಕ್ಕೆ ವಾಲಿಸುವ ಚಲನೆಯೂ ಸಿಸ್ಟರ್ ಕೈಯಲ್ಲಿರಬೇಕು. ಅದು ರೋಗಿಯ ಬೆರಳಿಗೆ ಸಿಗಲೇಬಾರದು, ಸಿಕ್ಕಿದರೆ ನಮ್ಮತ್ತೆಯಂಥವರ ಪ್ರಾಣಕ್ಕೇ ಕುತ್ತು. ಆದ್ದರಿಂದ ಒಳ್ಳೆಯ ಮಂಚಗಳಲ್ಲಿ ಕಾಲ್ದೆಸೆಯಲ್ಲಿ ಸಿಸ್ಟರ್‌ಗಾಗಿಯೇ ಒಂದು ಫಲಕವಿದ್ದು, ಅಲ್ಲಿಂದ ರೋಗಿಯ ರಿಮೋಟಿನ ಯಾವುದೇ ಸಾಲನ್ನು ಲಾಕ್ ಮಾಡಬಹುದು. ನಮ್ಮ ಮಂಚದಲ್ಲಿಯೂ ಎತ್ತರದ ಸಾಲನ್ನು ಲಾಕ್ ಮಾಡಿಟ್ಟಿದ್ದರೆ ಆ ರಾತ್ರಿ ಮಂಚ ಇಳಿಯುತ್ತಿರಲಿಲ್ಲ. ಆದರೂ ಲಾಕಿನಿಂದ ಅರ್ಧ ಪರಿಹಾರವಷ್ಟೇ ಸಿಗುತ್ತದೆ: ಲಾಕ್ ಆಗಿದೆ ಎಂದು ತೋರಿಸುವ ದೀಪ ರೋಗಿಯ ಕಣ್ಣಿಗೆ ಬೀಳದ ಕಡೆ ಇದ್ದರೆ, ಒತ್ತಿದ್ದು ಕೆಲಸ ಮಾಡದಾಗ ರಿಮೋಟು ಕೆಟ್ಟಿದೆಯೆಂದೇ ಅವರು ತಿಳಿಯುತ್ತಾರೆ.

ಗುಂಡಿಯ ಗಾತ್ರದ ವಿಷಯಕ್ಕೆ ಬಂದರೆ ಇಲ್ಲಿ ಒಂದು ಖಚಿತ ನಿಯಮವಿದೆ. ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲಿ ತೋರಿಸಿದಂತೆ, ಕೈಯನ್ನು ಒಂದು ಗುರಿಗೆ ಮುಟ್ಟಿಸಲು ಹಿಡಿಯುವ ಕಾಲ ಎರಡು ಅಳತೆಗಳನ್ನು ಅವಲಂಬಿಸಿದೆ: ಗುರಿ ಎಷ್ಟು ದೂರವಿದೆ, ಎಷ್ಟು ಅಗಲವಿದೆ. ಅಗಲವನ್ನು ಅರ್ಧ ಮಾಡಿದರೆ ಆಗುವ ಕಷ್ಟ, ದೂರವನ್ನು ಎರಡರಷ್ಟು ಮಾಡಿದಾಗ ಆಗುವ ಕಷ್ಟಕ್ಕೆ ಸಮ. ವಯಸ್ಕರ ತೋರುಬೆರಳು ಸುಮಾರು 16ರಿಂದ 20 ಮಿಲಿಮೀಟರ್ ಅಗಲವಿರುತ್ತದೆ. ಅದಕ್ಕಿಂತ ಕಿರಿದಾದ ಗುಂಡಿಗಳನ್ನು ಒತ್ತೊತ್ತಾಗಿ ಇಟ್ಟರೆ ನಡುಗುವ ಕೈಯವರು ಒಂದನ್ನು ಒತ್ತಲು ಹೋಗಿ ಎರಡನ್ನು ಒತ್ತುತ್ತಾರೆ. ಹೊಳೆಯುವ ಫಲಕದ ಮೇಲೆ ಹದಿನಾರು ಪುಟ್ಟ ಗುಂಡಿಗಳನ್ನು ಕಂಡು ಮಂಚ ಬಹಳ ಸುಧಾರಿತವಾದದ್ದೆಂದು ಮೆಚ್ಚುವವರಿದ್ದಾರೆ. ನನಗೆ ಅದನ್ನು ಕಂಡಾಗ ಆ ರಾತ್ರಿಯೇ ನೆನಪಾಗುತ್ತದೆ.

ಇನ್ನು ನಮ್ಮ ಸೀಮೆಯ ಬೆರಳುಗಳ ಮಾತು. ಅತ್ತೆಯವರು ಶಿಡ್ಲಘಟ್ಟದ ಬಳಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿದವರು. ಬೆಂದ ಗೂಡುಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಬೆರಳಿನಿಂದ ಸವರಿ ಎಳೆಯ ತುದಿಯನ್ನು ಹಿಡಿಯುವ ಕೆಲಸ ಅದು. ಅವರ ಬೆರಳ ತುದಿಯ ಚರ್ಮ ಬಿರುಸಾಗಿ, ಒಣಗಿ, ಗೆರೆಗಳೇ ಮಾಸಿಹೋಗಿವೆ. ಮೊಬೈಲಿನ ಪರದೆಯಂತೆ ಮುಟ್ಟಿದರೆ ಸಾಕೆನ್ನುವ ಫಲಕಗಳು ಬೆರಳಿನ ವಿದ್ಯುತ್ ಗುಣವನ್ನು ಗ್ರಹಿಸಿ ಕೆಲಸ ಮಾಡುತ್ತವೆ. ದಪ್ಪನೆಯ ಒಣ ಚರ್ಮದ ಬೆರಳನ್ನು ಅವು ಎಷ್ಟೋ ಬಾರಿ ಗುರುತಿಸುವುದೇ ಇಲ್ಲ. ಹೊಲದ ಕೆಲಸ, ಹಾಲು ಕರೆಯುವ ಕೆಲಸ ಮಾಡಿದ ಕೈಗಳದ್ದೂ ಇದೇ ಪಾಡು. ಬಾಗೇಪಲ್ಲಿಯ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳಿಂದ ಬರುವ ಹಿರಿಯರಲ್ಲಿ ಕೀಲುಗಳೇ ಬಿಗಿದಿರುತ್ತವೆ. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಬೆರಳಿನ ಸ್ಪರ್ಶವೂ ಮಂಕಾಗಿರಬಹುದು. ಇವರಿಗೆಲ್ಲ ಬೇಕಾದದ್ದು ಒತ್ತಿದಾಗ ಸ್ವಲ್ಪ ಕುಗ್ಗಿ, ಟಿಕ್ ಎಂದು ಸದ್ದು ಮಾಡುವ, ಅಂಚು ಉಬ್ಬಿರುವ ಗುಂಡಿ. ಹತ್ತನೇ ಒಂದು ಸೆಕೆಂಡಿಗಿಂತ ತಡವಾಗಿ ಬಂದ ಉತ್ತರವನ್ನು ಮನುಷ್ಯ ತನ್ನ ಕ್ರಿಯೆಗೆ ಕೂಡಲೇ ಬಂದ ಉತ್ತರವೆಂದು ಭಾವಿಸುವುದಿಲ್ಲ. ಮೋಟಾರು ಹೊರಡಲು ಕ್ಷಣಕಾಲ ತಡವಾದರೂ ಗುಂಡಿಯ ಟಿಕ್ ಸದ್ದು ಒಡನೆಯೇ ಕೇಳಿಸಿದರೆ, ರೋಗಿ ಗಾಬರಿಯಿಂದ ಪಕ್ಕದ ಗುಂಡಿಗೆ ಕೈ ಹಾಕುವುದಿಲ್ಲ.

ಭಾಷೆಯ ತೊಡಕೂ ಇದೆ. ಈ ಜಿಲ್ಲೆಯಲ್ಲಿ ಮನೆಯೊಳಗೆ ತೆಲುಗು, ಅಂಗಡಿಯಲ್ಲಿ ಕನ್ನಡ, ಪಕ್ಕದ ಬೀದಿಯಲ್ಲಿ ಉರ್ದು. ಮಂಚದ ಫಲಕದ ಮೇಲೆ ಮಾತ್ರ ಇಂಗ್ಲಿಷ್. ಚಿತ್ರವಿದ್ದರೆ ಓದು ಬಾರದವರಿಗೂ ಅರ್ಥವಾಗುತ್ತದೆ, ನಿಜ. ಆದರೆ ಚಿತ್ರ ಎತ್ತ ಮುಖ ಮಾಡಿದೆ ಎಂಬುದು ಅದರಷ್ಟೇ ಮುಖ್ಯ. ಮಂಚದ ಪಕ್ಕದ ಕಂಬಿಯಲ್ಲಿ ಕೂರಿಸಿದ ಫಲಕದಲ್ಲಿ, ಚಿತ್ರದ ಮನುಷ್ಯನ ತಲೆ ನಿಜವಾದ ರೋಗಿಯ ತಲೆಯಿರುವ ದಿಕ್ಕಿಗೇ ಇರಬೇಕು. ಅಂದರೆ ಬಲಗಂಬಿಯ ಚಿತ್ರ ಎಡಗಂಬಿಯ ಚಿತ್ರದ ಕನ್ನಡಿಬಿಂಬವಾಗಿರಬೇಕು. ಒಂದೇ ಫಲಕವನ್ನು ಎರಡೂ ಕಡೆ ಅಂಟಿಸಿದರೆ ತಯಾರಕರಿಗೆ ಒಂದಿಷ್ಟು ಹಣ ಉಳಿಯುತ್ತದೆ, ಒಂದು ಕಡೆ ನಿಂತವರಿಗೆ ಮಾತ್ರ ಪ್ರತಿ ಸಲವೂ ತಲೆ ಯಾವುದು ಕಾಲು ಯಾವುದು ಎಂದು ಮನಸ್ಸಿನಲ್ಲಿ ತಿರುಗಿಸಿ ನೋಡುವ ಕೆಲಸ ಬೀಳುತ್ತದೆ.

ಎರಡು ಚಲನೆಗಳನ್ನು ಒಂದೇ ಗುಂಡಿಯಲ್ಲಿ ಸೇರಿಸುವುದು ನನಗೆ ಬಹಳ ಮೆಚ್ಚುಗೆಯಾದ ಉಪಾಯ. ಬೆನ್ನನ್ನು ಮಾತ್ರ ಏರಿಸಿದರೆ ರೋಗಿ ಮೆಲ್ಲಗೆ ಕಾಲ್ದೆಸೆಗೆ ಜಾರುತ್ತಾರೆ. ಚರ್ಮ ಹಾಸಿಗೆಗೆ ಅಂಟಿಕೊಂಡಿದ್ದು ಒಳಗಿನ ಮೂಳೆ ಜಾರುವುದರಿಂದ, ನಡುವೆ ಸಿಕ್ಕ ಸಣ್ಣ ರಕ್ತನಾಳಗಳು ಹಿಗ್ಗಿ ಹಿಂಡಿಕೊಳ್ಳುತ್ತವೆ, ಬೆನ್ನಿನ ಕೆಳಭಾಗದಲ್ಲಿ ಹಾಸಿಗೆ ಹುಣ್ಣು ಶುರುವಾಗಲು ಅದೊಂದು ಕಾರಣ. ಮೊದಲು ಮೊಣಕಾಲನ್ನು ತುಸು ಮಡಿಸಿ ಆಮೇಲೆ ಬೆನ್ನನ್ನು ಏರಿಸಿದರೆ ಜಾರುವುದು ಕಡಿಮೆಯಾಗುತ್ತದೆ. ಈ ಕ್ರಮವನ್ನು ಮನೆಯವರಾರೂ ನೆನಪಿಡಲಾರರು. ‘ಕುಳಿತುಕೊಳ್ಳು’ ಎಂಬ ಒಂದೇ ದೊಡ್ಡ ಗುಂಡಿ ಅದನ್ನು ತಾನೇ ನೋಡಿಕೊಂಡರೆ ನೆನಪಿಡುವ ಅಗತ್ಯವೇ ಇಲ್ಲ.

ಬೆರಳು ತೆಗೆದ ಕೂಡಲೇ ಮಂಚ ನಿಲ್ಲಬೇಕು ಎಂಬುದು ಸುರಕ್ಷತೆಯ ಮೊದಲ ಪಾಠ, ಕಂಬಿಯ ಸಂದಿನಲ್ಲಿ ಯಾರ ಕೈ ಇದೆಯೋ ಗೊತ್ತಿರುವುದಿಲ್ಲ. ಹೊರಳಿದಾಗ ರಿಮೋಟು ಮೈಕೆಳಗೆ ಸಿಕ್ಕಿ ತಾನಾಗಿ ಒತ್ತಿಕೊಳ್ಳದಂತೆ ಗುಂಡಿಗಳು ಸ್ವಲ್ಪ ತಗ್ಗಿನಲ್ಲಿರಬೇಕು. ಆದರೆ ತಗ್ಗಿನಲ್ಲಿ ಕೊಳೆ ನಿಲ್ಲುತ್ತದೆ, ಸೋಂಕು ನಿವಾರಕ ದ್ರಾವಣದಿಂದ ಒರೆಸಲು ಕಷ್ಟ. ಇಲ್ಲಿ ಎರಡು ಅಗತ್ಯಗಳು ನಿಜಕ್ಕೂ ಎದುರುಬದುರಾಗುತ್ತವೆ, ಅಂಚುಗಳನ್ನು ದುಂಡಗೆ ಮಾಡಿದ ತೆಳುಪೊರೆಯ ಫಲಕ ಸದ್ಯಕ್ಕೆ ಸಿಕ್ಕಿರುವ ರಾಜಿ. ಒರೆಸಿ ಒರೆಸಿ ಚಿತ್ರ ಅಳಿಸದಿರಲು ಅದನ್ನು ಪೊರೆಯ ಒಳಮೈಗೆ ಮುದ್ರಿಸಬೇಕು. ಮೇಲ್ಮೈಗೆ ಮುದ್ರಿಸಿದ ಕಡೆ ಎಲ್ಲಕ್ಕಿಂತ ಮೊದಲು ಮಾಸುವುದು ಹೆಚ್ಚು ಬಳಕೆಯ ಗುಂಡಿಯೇ. ನಮ್ಮ ರಿಮೋಟಿನಲ್ಲಿ ತಲೆದೆಸೆ ಏರಿಸುವ ಬಾಣ ಅರ್ಧ ಅಳಿಸಿಹೋಗಿತ್ತು.

ಒಂದು ನಿಯಂತ್ರಣ ಮಾತ್ರ ಈ ಗುಂಡಿಗಳ ಗುಂಪಿನಿಂದ ದೂರವಿರಬೇಕು. ಹೃದಯ ನಿಂತಾಗ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕಾಗುತ್ತದೆ; ಅದಕ್ಕೆ ಮಂಚ ಒಡನೆಯೇ ಚಪ್ಪಟೆಯಾಗಬೇಕು. ಮೋಟಾರಿನ ನಿಧಾನ ಅಲ್ಲಿ ನಡೆಯದು, ಕರೆಂಟು ಹೋಗಿರಲೂಬಹುದು. ಹಾಗಾಗಿ ಬೆನ್ನಿನ ಭಾಗವನ್ನು ಒಮ್ಮೆಲೇ ಇಳಿಸುವ, ವಿದ್ಯುತ್ತಿನ ಹಂಗಿಲ್ಲದ ಹಿಡಿಯೊಂದನ್ನು ಮಂಚದ ಎರಡೂ ಪಕ್ಕದಲ್ಲಿ, ಎದ್ದು ಕಾಣುವ ಬಣ್ಣದಲ್ಲಿ ಇಟ್ಟಿರುತ್ತಾರೆ.

ನಮ್ಮ ಮಂಚದ ಕಥೆಗೆ ಬರುವುದಾದರೆ, ಬೆಳಗಿನ ಪಾಳಿಯ ಸಿಸ್ಟರ್‌ಗೆ ನಡೆದದ್ದನ್ನು ಹೇಳಿದೆ. ಅವರು ಎತ್ತರದ ಸಾಲನ್ನು ಲಾಕ್ ಮಾಡಿದರು. ಆಮೇಲೆ ಡ್ರೆಸ್ಸಿಂಗ್ ತಟ್ಟೆಯಿಂದ ಪ್ಲಾಸ್ಟರನ್ನು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ಬೆನ್ನು ಏರಿಸುವ ಗುಂಡಿಯ ಅಂಚಿಗೆ ಅಂಟಿಸಿದರು. ಅತ್ತೆಯವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ರಿಮೋಟನ್ನು ತಲೆಕೆಳಗು ಮಾಡಿ ಕೈಗೆ ಕೊಟ್ಟರು. ಅವರು ಹೆಬ್ಬೆರಳಿನಿಂದ ಒಂದು ಸಲ ಸವರಿದರು, ಪ್ಲಾಸ್ಟರಿನ ಉಬ್ಬು ಸಿಕ್ಕಿತು, ರಿಮೋಟನ್ನು ತಾವೇ ಸರಿಯಾಗಿ ತಿರುಗಿಸಿಕೊಂಡು ಒತ್ತಿದರು. ಬೆನ್ನಿನ ಭಾಗ ಮೇಲೆದ್ದಿತು. ಉಳಿದ ಆರು ರಾತ್ರಿಗಳಲ್ಲಿ ಅವರು ನನ್ನನ್ನು ಒಮ್ಮೆಯೂ ಎಬ್ಬಿಸಲಿಲ್ಲ.