ನಾಯಿಯ ನೋವಿಗೆ ಸೂಜಿ ಸರಿ, ಮಾತ್ರೆ ಸಾಲದು

ಗರ್ಭಕೋಶ ತೆಗೆಸಿಕೊಂಡು ಬಂದ ನಾಯಿ ಮೂಲೆಯಲ್ಲಿ ಸದ್ದಿಲ್ಲದೆ ಮಲಗಿದ್ದರೆ ‘ಪಾಪ, ನಿದ್ದೆ ಮಾಡಲಿ’ ಎಂದು ಸುಮ್ಮನಾಗುತ್ತೇವೆ. ಎಷ್ಟೋ ಸಲ ಅದು ನಿದ್ದೆಯಲ್ಲ. ನೋವಿರುವ ನಾಯಿ ಕೂಗಲೇಬೇಕೆಂದಿಲ್ಲ. ಬೆನ್ನು ಬಾಗಿಸಿ, ಹೊಟ್ಟೆ ಬಿಗಿಹಿಡಿದು, ಅರೆಗಣ್ಣು ಬಿಟ್ಟುಕೊಂಡು, ಮಗ್ಗುಲನ್ನೂ ಬದಲಿಸದೆ ಬಿದ್ದಿರುತ್ತದೆ.

ಇಂಥ ನೋವಿಗೆ ಅಫೀಮಿನ ಬಳಗದ ಔಷಧಿಗಳಷ್ಟು ನಂಬಿಕಸ್ಥ ಮದ್ದು ಇನ್ನೊಂದಿಲ್ಲ. ಮಾರ್ಫಿನ್, ಮೆಥಡೋನ್, ಫೆಂಟನಿಲ್, ಬ್ಯುಪ್ರೆನಾರ್ಫಿನ್ ಎಲ್ಲವೂ ಮಿದುಳು ಮತ್ತು ಮಿದುಳುಬಳ್ಳಿಯ ಗ್ರಾಹಕಗಳಿಗೆ, ಅಂದರೆ ನರಕೋಶದ ಮೇಲೆ ಔಷಧಿ ಕೂರುವ ತಾಣಗಳಿಗೆ, ಅಂಟಿಕೊಂಡು ನೋವಿನ ಸುದ್ದಿಯನ್ನು ಅಲ್ಲೇ ತಡೆಯುತ್ತವೆ. ಆದರೆ ಕೊಡುವ ಹೊತ್ತು ಮುಖ್ಯ. ಅರಿವಳಿಕೆಯಲ್ಲಿ ನಾಯಿಗೆ ಪ್ರಜ್ಞೆ ಇರದಿದ್ದರೂ ಚಾಕು ತಗುಲಿದ ಕ್ಷಣದಿಂದ ನರಗಳು ಮಿದುಳುಬಳ್ಳಿಗೆ ಸುದ್ದಿ ಕಳಿಸುತ್ತಲೇ ಇರುತ್ತವೆ. ಅಲ್ಲಿನ ನರಕೋಶಗಳು ಒಮ್ಮೆ ಕೆರಳಿದರೆ ಆಮೇಲೆ ಮೆಲ್ಲಗೆ ಮುಟ್ಟಿದರೂ ನೋವಾಗುತ್ತದೆ. ಅದಕ್ಕೇ ಮೊದಲ ಸೂಜಿ ಶಸ್ತ್ರಚಿಕಿತ್ಸೆಗೂ ಮುಂಚೆಯೇ ಬೀಳಬೇಕು.

ಬ್ಯುಪ್ರೆನಾರ್ಫಿನ್ ಉದಾಹರಣೆ ನೋಡಿ. ಕೆಜಿಗೆ 0.02 ಮಿಲಿಗ್ರಾಂನಂತೆ 15 ಕೆಜಿಯ ನಾಯಿಗೆ 0.3 ಮಿಲಿಗ್ರಾಂ, ಅಂದರೆ ಮಿಲಿಲೀಟರಿಗೆ 0.3 ಮಿಲಿಗ್ರಾಂ ಇರುವ ಔಷಧಿಯ ಸರಿಯಾಗಿ 1 ಮಿಲಿಲೀಟರ್. ಹಿಡಿತ ಸಿಗಲು ಅರ್ಧ ಗಂಟೆಯಾದರೂ ಬೇಕು. ಆಮೇಲೆ ಸುಮಾರು 6ರಿಂದ 8 ಗಂಟೆ ಕೆಲಸ ಮಾಡುತ್ತದೆ. ನಾಯಿ ಎದ್ದು ನರಳಿದ ಮೇಲೆ ಸಿರಿಂಜ್ ಹುಡುಕಿದರೆ ಆ ಅರ್ಧ ಗಂಟೆಯನ್ನು ಅದು ನೋವಿನಲ್ಲೇ ಕಳೆಯಬೇಕು.

ಅದೇ ಬಳಗದ್ದಾದರೂ ಬ್ಯುಟೊರ್ಫನಾಲ್ ಬೇರೆ ಜಾತಿಯದು. ಮಂಪರು ಚೆನ್ನಾಗಿ ಬರಿಸುತ್ತದೆ, ಆದರೆ ಅದರ ನೋವು ತಡೆಯುವ ಬಲ ಕಡಿಮೆ, ಅದೂ ಒಂದೆರಡು ಗಂಟೆಯೊಳಗೆ ಇಳಿದುಹೋಗುತ್ತದೆ. ಮಂಪರು ಮಾತ್ರ ಉಳಿದ ನಾಯಿ ನೋಡುವವರಿಗೆ ಶಾಂತವಾಗಿ ಕಾಣುತ್ತದೆ, ಮೋಸಹೋಗುವುದು ಇಲ್ಲೇ. ಮಾರ್ಫಿನ್ ಕೊಟ್ಟ ಮೇಲೆ ಇದನ್ನು ಕೊಟ್ಟರಂತೂ ಗ್ರಾಹಕದಿಂದ ಮಾರ್ಫಿನ್ನನ್ನೇ ತಳ್ಳಿ, ಇದ್ದ ಉಪಶಮನವನ್ನೂ ಕಳೆದುಬಿಡುತ್ತದೆ.

ಇನ್ನು ಮನೆಗೆ ಬರೆದುಕೊಡುವ ಟ್ರಮಡಾಲ್ ಮಾತ್ರೆ. ಮನುಷ್ಯರ ಯಕೃತ್ತು ಇದನ್ನು ಇನ್ನೊಂದು ರಾಸಾಯನಿಕವಾಗಿ ಬದಲಿಸುತ್ತದೆ. ಗ್ರಾಹಕವನ್ನು ಗಟ್ಟಿಯಾಗಿ ಹಿಡಿಯುವುದು ಅದೇ. ನಾಯಿಯ ಯಕೃತ್ತು ಅದನ್ನು ತಯಾರಿಸುವುದು ತೀರಾ ಅಲ್ಪ. ಸಂಧಿವಾತದ ನಾಯಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಟ್ರಮಡಾಲಿಗೂ ಔಷಧವಿಲ್ಲದ ಹುಸಿಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ. ಬಾಯಿಂದ ಕೊಟ್ಟ ಮಾರ್ಫಿನ್ನಿನದೂ ಅದೇ ಪಾಡು: ರಕ್ತಕ್ಕೆ ಸೇರುವ ಮೊದಲೇ ಬಹುಪಾಲನ್ನು ಯಕೃತ್ತು ಕರಗಿಸಿಬಿಡುತ್ತದೆ. ಮನೆಗೆ ಕಳಿಸುವಾಗ ಟ್ರಮಡಾಲೊಂದನ್ನೇ ನೆಚ್ಚಿಕೊಳ್ಳುವುದು ತಪ್ಪು.

ಮನೆಯಲ್ಲಿ ಆಸರೆಯಾಗುವುದು ಊತ ಇಳಿಸುವ ಮದ್ದು. ಮೆಲಾಕ್ಸಿಕ್ಯಾಮ್ ಮೊದಲ ದಿನ ಕೆಜಿಗೆ 0.2 ಮಿಲಿಗ್ರಾಂ, ನಂತರ ದಿನಕ್ಕೊಮ್ಮೆ 0.1, ಊಟದ ಜೊತೆ. ಮಿಲಿಲೀಟರಿಗೆ 1.5 ಮಿಲಿಗ್ರಾಂ ಇರುವ ಸಿರಪ್ ಆದರೆ ನಮ್ಮ 15 ಕೆಜಿಯ ನಾಯಿಗೆ ಮೊದಲು 2 ಮಿಲಿಲೀಟರ್, ಆಮೇಲೆ 1. ಆಸ್ಪತ್ರೆಯಲ್ಲೇ ಇದರ ಸೂಜಿ ಕೊಟ್ಟಿದ್ದರೆ ಮೊದಲ ದಿನದ ಪಾಲು ಮುಗಿಯಿತು, ಕೇಳಿ ತಿಳಿದುಕೊಳ್ಳಿ. ಮೂತ್ರಪಿಂಡದ ತೊಂದರೆ ಇದ್ದರೆ, ಸ್ಟೀರಾಯ್ಡ್ ನಡೆಯುತ್ತಿದ್ದರೆ, ವಾಂತಿಯಿಂದ ನೀರಿನಂಶ ಬತ್ತಿದ್ದರೆ ಕೊಡಕೂಡದು. ಮನೆಯವರ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕಡೆಗೆ ಕೈ ಹೋಗಲೇಬಾರದು. ನಾಯಿಯ ಜಠರದಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಮೂತ್ರಪಿಂಡ ಕೆಡುತ್ತದೆ.

ನೋವನ್ನು ಅಳೆಯಲು ಗ್ಲಾಸ್ಗೋ ಅಳತೆಪಟ್ಟಿ ಇದೆ. ನರಳಾಟ, ನಡಿಗೆ, ಗಾಯ ನೆಕ್ಕುವುದು, ಮನಃಸ್ಥಿತಿ ಎಲ್ಲಕ್ಕೂ ಅಂಕ ಕೊಡುತ್ತಾರೆ. ಒಟ್ಟು 24ರಲ್ಲಿ 6 ಅಥವಾ ಹೆಚ್ಚು ಬಂದರೆ ಇನ್ನಷ್ಟು ಮದ್ದು ಬೇಕೆಂದು ಅರ್ಥ. ಅದರಲ್ಲೊಂದು ಪರೀಕ್ಷೆ ನೀವೂ ಮಾಡಬಹುದು: ಹೊಲಿಗೆಯಿಂದ ಎರಡು ಇಂಚು ದೂರದಲ್ಲಿ ಬೆರಳಿನಿಂದ ಹಗುರವಾಗಿ ಒತ್ತಿ. ತಿರುಗಿ ನೋಡಿತೇ, ಮೈ ಸೆಳೆಯಿತೇ, ಗುರ್ರೆಂದಿತೇ? ಒತ್ತಿದರೂ ಬಿಟ್ಟರೂ ಒಂದೇ ರಾಗದಲ್ಲಿ ಕುಂಯ್‌ಗುಡುತ್ತ, ನಿಮ್ಮ ದನಿಗೂ ಸಮಾಧಾನವಾಗದೆ ಸುತ್ತುತ್ತಿದ್ದರೆ ಅದು ನೋವಿಗಿಂತ ಹೆಚ್ಚಾಗಿ ಔಷಧಿಯ ಕಳವಳ ಇರಬಹುದು. ಸೂಜಿ ಕೊಟ್ಟ ದಿನ ತೇಕುವುದೂ ಸಾಮಾನ್ಯವೇ. ಉಸಿರು ತೀರಾ ನಿಧಾನವಾಗಿ, ಕರೆದರೂ ಕಣ್ಣು ತೆರೆಯದಿದ್ದರೆ ಮಾತ್ರ ಬೆಳಗಿನವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ; ಯಾವ ಸೂಜಿ, ಎಷ್ಟು ಹೊತ್ತಿಗೆ ಕೊಟ್ಟದ್ದು ಎಂಬ ಚೀಟಿ ಕೈಯಲ್ಲಿರಲಿ. ಈ ಬಳಗದ ಔಷಧಿಗಳಿಗೆ ಪ್ರತಿಮದ್ದಾದ ನಾಲಾಕ್ಸೋನ್ ಮಾರ್ಫಿನ್ನನ್ನು ಗ್ರಾಹಕದಿಂದ ಬೇಗ ಬಿಡಿಸುತ್ತದೆ, ಬ್ಯುಪ್ರೆನಾರ್ಫಿನ್ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ.